ಯಂತ್ರದ ಕಣ್ಣು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ನದಿಯು ಎರಡಾಗಿ ಒಡೆದು, ಶಿವನಸಮುದ್ರದ ದ್ವೀಪವನ್ನು ಬಳಸಿಕೊಂಡು, ಗಗನಚುಕ್ಕಿಯಾಗಿಯೂ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ ಬ್ಲಫ್ ಎಂಬ ಪುಟ್ಟ ಊರಿದೆ. ಇಂಗ್ಲಿಷಿನಲ್ಲಿ ಈ ಮಾತಿಗೆ ಕಡಿದಾದ ದಿಬ್ಬ ಎಂದು ಅರ್ಥ. ಊರನ್ನು ನೋಡಿದವರಿಗೆ ಹೆಸರಿನ ಔಚಿತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಊರಿನ ಬುಡದಲ್ಲಿ, ಸುಮಾರು 400 ಅಡಿಗಳ ಇಳಿಜಾರಿನ ಕೆಳಗೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಜಲವಿದ್ಯುತ್ ಕೇಂದ್ರವಿದೆ. ಮೇಲಿನಿಂದ ಕೊಳವೆಗಳಲ್ಲಿ ಇಳಿದು ಬರುವ ನೀರು ಅಲ್ಲಿ ಚಕ್ರಗಳನ್ನು ತಿರುಗಿಸುತ್ತದೆ. 1902ನೆಯ ಇಸವಿ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಯೋಜನೆಗೆ ಬೆನ್ನೆಲುಬಾಗಿ ನಿಂತ ಶೇಷಾದ್ರಿ ಅಯ್ಯರ್ ಅವರು ಅದಕ್ಕೆ ಒಂದು ವರ್ಷದ ಹಿಂದೆಯೇ, 1901ರಲ್ಲಿ, ತೀರಿಕೊಂಡಿದ್ದರು.

ಈ ಕೇಂದ್ರದ ಕಥೆಯನ್ನು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅಲ್ಲಿ ಹುಟ್ಟಿದ ವಿದ್ಯುತ್ತಿನ ಒಂದು ಗುಣವು ಮುಂದೆ ನಮ್ಮ ಉಪಯೋಗಕ್ಕೆ ಬರುವುದರಿಂದ ಮಾತ್ರ ಅದನ್ನು ನೆನೆಯಬೇಕಾಯಿತು. ಆರಂಭದಲ್ಲಿ ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದಾಗಿತ್ತು. ಈಗ ನಮ್ಮ ಮನೆಗಳಿಗೆ ಬರುವುದು 50 ಆವರ್ತಗಳದ್ದು. ಒಂದು ಆವರ್ತದಲ್ಲಿ ವಿದ್ಯುತ್ತು ಎರಡು ಬಾರಿ ಏರಿ ಎರಡು ಬಾರಿ ಸೊನ್ನೆಗೆ ಇಳಿಯುತ್ತದೆ. ಆದುದರಿಂದ ಅಂದಿನ ದೀಪವು ಸೆಕೆಂಡಿಗೆ 50 ಸಲ ಮಿನುಗುತ್ತಿತ್ತು. ಇಂದಿನ ಎಷ್ಟೋ ದೀಪಗಳು 100 ಸಲ ಮಿನುಗುತ್ತವೆ. ನಮ್ಮ ಕಣ್ಣು ಇದನ್ನು ಗುರುತಿಸದು. ಆದರೆ ಇನ್ನೊಂದು ಬಗೆಯ ಕಣ್ಣು ಉಂಟು. ಅದು ಈ ಮಿನುಗನ್ನೆಲ್ಲ ಕಾಣುತ್ತದೆ ಮಾತ್ರವಲ್ಲ, ಅದರಿಂದ ಮೋಸವನ್ನೂ ಹೋಗುತ್ತದೆ. ಕಾರ್ಖಾನೆಯ ಯಂತ್ರಗಳಿಗೆ ಜೋಡಿಸುವ ಬೆಳಕಿನ ಸಂವೇದಕವೇ ಆ ಕಣ್ಣು. ಅದು ಹೇಗೆ ನೋಡುತ್ತದೆ, ಯಾವ ಕೆಲಸಕ್ಕೆ ಎಂತಹ ಕಣ್ಣನ್ನು ಆರಿಸಬೇಕು ಎಂಬುದೇ ಈ ಪಾಠದ ವಿಷಯ.

ಬೆಳಕಿಗೂ ವಿದ್ಯುತ್ತಿಗೂ ಇರುವ ನಂಟು ಮೊದಲು ಗೋಚರಿಸಿದ್ದು ಆಕಸ್ಮಿಕವಾಗಿ. 1873ರಲ್ಲಿ ವಿಲೋಬಿ ಸ್ಮಿತ್ ಎಂಬ ಆಂಗ್ಲ ಎಂಜಿನಿಯರ್, ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸಲು ಬಳಸುತ್ತಿದ್ದ ಸೆಲೆನಿಯಂ ಕಡ್ಡಿಗಳು ಬೆಳಕು ಬಿದ್ದಾಗ ವಿದ್ಯುತ್ತನ್ನು ಹೆಚ್ಚಾಗಿ ಹರಿಯಗೊಡುತ್ತವೆ ಎಂಬುದನ್ನು ಪ್ರಕಟಿಸಿದನು. 1887ರಲ್ಲಿ ಜರ್ಮನಿಯ ಹರ್ಟ್ಸ್, ನೇರಳಾತೀತ ಕಿರಣಗಳು ಬಿದ್ದಾಗ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಕಂಡನು. ನಮ್ಮವರೇ ಆದ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ವಿದ್ಯುತ್ ತರಂಗಗಳನ್ನು ಹಿಡಿಯುವ ಸಾಧನವನ್ನು ರಚಿಸಿದರು. ಅದು ಬೆಳಕಿಗೂ ಸ್ಪಂದಿಸುತ್ತಿತ್ತು. ಅದಕ್ಕೆ 1904ರಲ್ಲಿ ಅಮೆರಿಕದ ಹಕ್ಕುಪತ್ರ ದೊರೆಯಿತು. ಮರುವರ್ಷ, ಎಂದರೆ 1905ರಲ್ಲಿ, ಐನ್‌ಸ್ಟೈನ್ ದ್ಯುತಿವಿದ್ಯುತ್ ಪರಿಣಾಮಕ್ಕೆ ಸರಿಯಾದ ವಿವರಣೆಯನ್ನು ನೀಡಿದನು. ಬೆಳಕು ಚಿಕ್ಕ ಚಿಕ್ಕ ಶಕ್ತಿಯ ಕಣಗಳಾಗಿ ಬರುತ್ತದೆ. ಒಂದೊಂದು ಕಣವೂ ಒಂದೊಂದು ಎಲೆಕ್ಟ್ರಾನನ್ನು ಹೊರದೂಡಬಲ್ಲದು ಎಂಬುದು ಅದರ ತಿರುಳು. ಅದೇ 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ವಿದ್ಯುತ್ತು ಬೆಳಕಾಗುವ ಸಂಗತಿ ನಮ್ಮ ನಾಡಿನಲ್ಲಿ ಬೀದಿಯ ನೋಟವಾದ ವರ್ಷವೇ, ಬೆಳಕು ವಿದ್ಯುತ್ತಾಗುವ ಗುಟ್ಟು ದೂರದ ಸ್ವಿಟ್ಸರ್‌ಲೆಂಡಿನಲ್ಲಿ ಬಯಲಾಯಿತು.

ಹಳೆಯ ಕಾಲದ ದ್ಯುತಿಕೋಶಗಳ ಎದುರಿಗೆ ತಂತಿಯ ಬಲ್ಬನ್ನು ಇಡುತ್ತಿದ್ದರು. ಯಂತ್ರದ ಅದುರಾಟಕ್ಕೆ ಬಲ್ಬಿನ ತಂತಿ ತುಂಡಾಗುತ್ತಿತ್ತು. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕನ್ನು ಸೂಸುವ ಅರೆವಾಹಕ ದೀಪವನ್ನು ಮಾಡಿ ತೋರಿಸಿದನು. ಈಗ ಮಕ್ಕಳ ಆಟಿಕೆಗಳಲ್ಲಿಯೂ ಕಾಣುವ ಎಲ್.ಇ.ಡಿ. ಎಂಬುದು ಇದೇ. ಇದರಲ್ಲಿ ಮುರಿಯುವ ತಂತಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದನ್ನು ಸೆಕೆಂಡಿಗೆ ಸಾವಿರಾರು ಬಾರಿ ಹೊತ್ತಿಸಿ ಆರಿಸಬಹುದು. ಸಂವೇದಕದ ದೀಪವು ತನ್ನದೇ ಆದ ಒಂದು ತಾಳದಲ್ಲಿ ಮಿನುಗುತ್ತದೆ. ಎದುರಿನ ಗ್ರಾಹಕವು ಆ ತಾಳದ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಕಿಟಕಿಯ ಬಿಸಿಲನ್ನೂ ಮೇಲಿನ ದೀಪದ 100ರ ಮಿನುಗನ್ನೂ ಬದಿಗಿಡುತ್ತದೆ. ಜಾತ್ರೆಯ ಗದ್ದಲದಲ್ಲಿಯೂ ತಾಯಿಯ ಕೂಗನ್ನು ಮಗು ಗುರುತಿಸುವಂತೆ ಇದು ನಡೆಯುತ್ತದೆ. ಹಾಗೆಂದ ಮಾತ್ರಕ್ಕೆ ಎಲ್ಲ ಬೆಳಕನ್ನೂ ಬದಿಗಿಡಬಹುದೆಂದಲ್ಲ. ನೇರವಾದ ಸೂರ್ಯನ ಬೆಳಕು ಗ್ರಾಹಕದ ಕಣ್ಣಿಗೆ ಹೊಡೆದರೆ ಅದು ತುಂಬಿಹೋಗಿ ಏನನ್ನೂ ಕಾಣದಂತಾಗುತ್ತದೆ. ಪಶ್ಚಿಮಕ್ಕೆ ಬಾಗಿಲುಳ್ಳ ಕಾರ್ಖಾನೆಯಲ್ಲಿ ಸಂಜೆ ಐದು ಗಂಟೆಗೆ ಮಾತ್ರ ಯಂತ್ರ ತಪ್ಪು ಮಾಡುತ್ತಿದ್ದರೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ.

ಇನ್ನು ಬಗೆಗಳ ವಿಚಾರ. ಮೂಲತಃ ಇವು ಮೂರು.

ಒಂದು ಕಡೆ ದೀಪ, ಎದುರು ಕಡೆ ಗ್ರಾಹಕ. ನಡುವೆ ವಸ್ತು ಬಂದರೆ ಬೆಳಕು ಕಡಿಯುತ್ತದೆ. ಇದು ಅತ್ಯಂತ ಸರಳವೂ ಬಲವುಳ್ಳದ್ದೂ ಆದ ಬಗೆ. ದೀಪದ ಬೆಳಕೆಲ್ಲ ನೇರವಾಗಿ ಗ್ರಾಹಕಕ್ಕೆ ಬರುವುದರಿಂದ ದೂರವೂ ಹೆಚ್ಚು, ಧೂಳನ್ನು ಸೀಳುವ ಶಕ್ತಿಯೂ ಹೆಚ್ಚು. ತೊಂದರೆಯೆಂದರೆ, ಎರಡು ಕಡೆಗೂ ತಂತಿ ಎಳೆಯಬೇಕು. ಎರಡನ್ನೂ ಒಂದೇ ನೇರದಲ್ಲಿ ನಿಲ್ಲಿಸಬೇಕು.

ಎರಡನೆಯದರಲ್ಲಿ ದೀಪವೂ ಗ್ರಾಹಕವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಎದುರಿಗೆ ಸೈಕಲ್ಲಿನ ಹಿಂದೆ ಇರುವಂತಹ ಪ್ರತಿಫಲಕವೊಂದನ್ನು ಅಂಟಿಸಿದರೆ ಸಾಕು. ಸೈಕಲ್ಲಿನ ಆ ಕೆಂಪು ಬಿಲ್ಲೆಯನ್ನು ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. ಅದರೊಳಗೆ ಕೋಣೆಯ ಮೂಲೆಯಂತೆ ಮೂರು ಮುಖಗಳು ಕೂಡಿದ ಸಣ್ಣ ಸಣ್ಣ ಗುಳಿಗಳಿರುತ್ತವೆ. ಯಾವ ಕಡೆಯಿಂದ ಬೆಳಕು ಬಂದರೂ ಬಂದ ದಾರಿಯಲ್ಲಿಯೇ ಅದನ್ನು ಹಿಂದಿರುಗಿಸುವುದು ಅವುಗಳ ಗುಣ. ಸಾಮಾನ್ಯ ಕನ್ನಡಿ ಹಾಗೆ ಮಾಡದು; ಸ್ವಲ್ಪ ಓರೆಯಾದರೂ ಬೆಳಕನ್ನು ಬೇರೆಡೆಗೆ ಎಸೆಯುತ್ತದೆ. ಈ ಬಗೆಯಲ್ಲಿಯೂ ವಸ್ತು ಬಂದಾಗ ಬೆಳಕು ಕಡಿಯುತ್ತದೆ. ಆದರೆ ಬಂದ ವಸ್ತುವೇ ಹೊಳೆಯುವ ಉಕ್ಕಿನ ಡಬ್ಬಿಯಾದರೆ? ಅದು ತಾನೇ ಬೆಳಕನ್ನು ಹಿಂದಕ್ಕೆ ಕಳುಹಿಸಿ, ದಾರಿಯಲ್ಲಿ ಏನೂ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸಬಹುದು. ಇದಕ್ಕೆ ಧ್ರುವೀಕರಣವೆಂಬ ಉಪಾಯವುಂಟು. ಬೆಳಕಿನ ಅಲೆಗಳನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿ ಕಳುಹಿಸಿದರೆ, ಮೂಲೆಗುಳಿಗಳ ಪ್ರತಿಫಲಕವು ಆ ದಿಕ್ಕನ್ನು ತಿರುಗಿಸಿ ಕೊಡುತ್ತದೆ. ನುಣುಪಾದ ಉಕ್ಕು ಹಾಗೆಯೇ ಕೊಡುತ್ತದೆ. ಗ್ರಾಹಕದ ಮುಂದೆ ತಿರುಗಿದ ಬೆಳಕನ್ನು ಮಾತ್ರ ಬಿಡುವ ಸೋಸುಕವಿದ್ದರೆ ಡಬ್ಬಿಯ ಆಟ ನಡೆಯುವುದಿಲ್ಲ.

ಮೂರನೆಯದಕ್ಕೆ ಎದುರಿಗೆ ಯಾವ ಆಸರೆಯೂ ಬೇಡ. ಕತ್ತಲಲ್ಲಿ ಟಾರ್ಚು ಹಿಡಿದು ನಡೆಯುವವನಿಗೆ ಎದುರಿನ ಗಿಡ ಕಾಣುವುದು ಹೇಗೋ, ಹಾಗೆ ಇದು ವಸ್ತುವಿನಿಂದಲೇ ಚೆದರಿ ಬಂದ ಬೆಳಕನ್ನು ಹಿಡಿಯುತ್ತದೆ. ಜೋಡಿಸಲು ಇದಕ್ಕಿಂತ ಸುಲಭವಾದದ್ದಿಲ್ಲ. ಆದುದರಿಂದಲೇ ಅವಸರದವರು ಮೊದಲು ಇದಕ್ಕೆ ಕೈಹಾಕುತ್ತಾರೆ. ಆದರೆ ಇದು ಬಣ್ಣಕ್ಕೆ ಮರುಳಾಗುವ ಕಣ್ಣು. ಹತ್ತಿರದ ಕರಿಯ ರಬ್ಬರನ್ನು ಕಾಣದೆ ದೂರದ ಬಿಳಿಯ ಗೋಡೆಯನ್ನು ಕಂಡು ‘ವಸ್ತು ಬಂದಿತು’ ಎಂದು ಕೂಗೀತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇದಕ್ಕೆ ಗೊತ್ತಿಲ್ಲ. ಈ ದೋಷವನ್ನು ತಿದ್ದಲು ಬೆಳಕು ಎಷ್ಟು ಬಂತು ಎಂಬುದನ್ನು ಬಿಟ್ಟು, ಯಾವ ಕೋನದಲ್ಲಿ ಬಂತು ಎಂಬುದನ್ನು ಅಳೆಯುವ ಸಂವೇದಕಗಳನ್ನು ರಚಿಸಿದ್ದಾರೆ. ವಸ್ತು ಹತ್ತಿರವಿದ್ದರೆ ಹಿಂದಿರುಗುವ ಬೆಳಕಿನ ಕೋನ ಅಗಲವಾಗುತ್ತದೆ, ದೂರವಿದ್ದರೆ ಕಿರಿದಾಗುತ್ತದೆ. ನಾವು ಎರಡು ಕಣ್ಣುಗಳಿಂದ ದೂರವನ್ನು ಅಂದಾಜು ಮಾಡುವುದರ ಹಿಂದೆಯೂ ಇಂತಹ ತ್ರಿಕೋನದ ಲೆಕ್ಕವೇ ಇದೆ. ಹೀಗೆ ಅಳೆಯುವ ಸಂವೇದಕವು ಇಂತಿಷ್ಟು ದೂರದಾಚೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು; ಅಲ್ಲಿ ಬಿಳಿಯ ಗೋಡೆಯಿದ್ದರೂ ಅಷ್ಟೆ.

ಬಗೆಗಳನ್ನು ತಿಳಿದ ಮಾತ್ರಕ್ಕೆ ಆಯ್ಕೆ ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ಅದು ಅಲ್ಲಿಂದ ಆರಂಭವಾಗುತ್ತದೆ. ನಮ್ಮ ಜಿಲ್ಲೆಯಲ್ಲಿಯೇ ಸಿಗುವ ಒಂದು ಕೆಲಸವನ್ನು ತೆಗೆದುಕೊಳ್ಳೋಣ.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೇರಿಯಿದೆ. ಇಂತಹ ಡೇರಿಗಳಲ್ಲಿ ಹಾಲಿನ ಪೊಟ್ಟಣ ತಯಾರಾಗುವ ಬಗೆ ಹೀಗೆ: ಮೊದಲೇ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಹಾಳೆಯ ದೊಡ್ಡ ಸುರುಳಿಯೊಂದು ಯಂತ್ರದ ಹಿಂಬದಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಹಾಳೆ ಕೊಳವೆಯಾಗಿ ಸುತ್ತಿಕೊಳ್ಳುತ್ತದೆ, ಉದ್ದುದ್ದಕ್ಕೆ ಬೆಸುಗೆ ಬೀಳುತ್ತದೆ, ಒಳಗೆ ಹಾಲು ಇಳಿಯುತ್ತದೆ, ಬಿಸಿ ದವಡೆಯೊಂದು ಅಡ್ಡಕ್ಕೆ ಒತ್ತಿ ಬೆಸೆದು ಕತ್ತರಿಸುತ್ತದೆ. ಈ ಅಡ್ಡ ಬೆಸುಗೆ ಎಲ್ಲಿ ಬೀಳಬೇಕು? ಎರಡು ಚಿತ್ರಗಳ ನಡುವೆ ಬೀಳಬೇಕು. ಪ್ಲಾಸ್ಟಿಕ್ಕು ಸ್ವಲ್ಪ ಹಿಗ್ಗುವ ವಸ್ತು. ಒಂದು ಪೊಟ್ಟಣಕ್ಕೆ ಅರ್ಧ ಮಿಲಿಮೀಟರ್ ತಪ್ಪಿದರೂ ನೂರು ಪೊಟ್ಟಣಗಳಾಗುವಷ್ಟರಲ್ಲಿ ತಪ್ಪು ಐದು ಸೆಂಟಿಮೀಟರಿಗೆ ಬೆಳೆದು, ಹೆಸರು ಒಂದು ಪೊಟ್ಟಣದಲ್ಲಿಯೂ ಬೆಲೆ ಇನ್ನೊಂದರಲ್ಲಿಯೂ ಉಳಿಯುತ್ತದೆ. ಇದನ್ನು ತಡೆಯಲು ಹಾಳೆಯ ಅಂಚಿನಲ್ಲಿ ಗೊತ್ತಾದ ಅಂತರಕ್ಕೆ ಒಂದೊಂದು ಚಿಕ್ಕ ಪಟ್ಟಿಯನ್ನು ಅಚ್ಚು ಮಾಡಿರುತ್ತಾರೆ. ಅದು ಕೊಳ್ಳುವವರಿಗಾಗಿ ಅಚ್ಚಾದುದಲ್ಲ. ಯಂತ್ರದ ಕಣ್ಣಿಗಾಗಿ ಅಚ್ಚಾದುದು. ಸಂವೇದಕವು ಆ ಪಟ್ಟಿಯನ್ನು ಕಂಡೊಡನೆ ಯಂತ್ರ ತನ್ನ ಲೆಕ್ಕವನ್ನು ಮತ್ತೆ ಸರಿಪಡಿಸಿಕೊಳ್ಳುತ್ತದೆ. ಮನೆಗೆ ಬಂದ ಹಾಲಿನ ಪೊಟ್ಟಣದ ಅಂಚನ್ನು ನಾಳೆ ಬೆಳಗ್ಗೆ ಒಮ್ಮೆ ನೋಡಿರಿ.

ಇಲ್ಲಿ ಆರಿಸಬೇಕಾದ ಮೊದಲ ಅಂಶ ಬೆಳಕಿನ ಬಣ್ಣ. ಬಿಳಿಯ ಹಾಳೆಯ ಮೇಲೆ ಕೆಂಪು ಪಟ್ಟಿ ಇದೆಯೆಂದು ಭಾವಿಸೋಣ. ನಮ್ಮ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಕೆಂಪು ದೀಪದ ಸಂವೇದಕಕ್ಕೆ ಅದು ಕಾಣುವುದೇ ಇಲ್ಲ. ಬಿಳಿಯ ಹಾಳೆಯೂ ಕೆಂಪು ಬೆಳಕನ್ನು ಹಿಂದಿರುಗಿಸುತ್ತದೆ, ಕೆಂಪು ಪಟ್ಟಿಯೂ ಅಷ್ಟೇ ಹಿಂದಿರುಗಿಸುತ್ತದೆ. ಎರಡಕ್ಕೂ ವ್ಯತ್ಯಾಸವೇ ಇಲ್ಲದಾಯಿತು. ಅದೇ ಜಾಗದಲ್ಲಿ ಹಸಿರು ದೀಪವನ್ನು ಇಟ್ಟರೆ ಕೆಂಪು ಪಟ್ಟಿ ಹಸಿರು ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ನೀಲಿ ಪಟ್ಟಿಯಾದರೆ ಕೆಂಪು ದೀಪವೇ ಒಳ್ಳೆಯದು. ಹಾಲಿನ ಬಗೆಗೆ ತಕ್ಕಂತೆ ಪೊಟ್ಟಣದ ಬಣ್ಣ ಬದಲಾಗುವುದರಿಂದ, ಒಂದೇ ಯಂತ್ರದಲ್ಲಿ ಬೆಳಿಗ್ಗೆ ನೀಲಿ, ಮಧ್ಯಾಹ್ನ ಕಿತ್ತಳೆ ಹಾಳೆಯನ್ನು ಓಡಿಸುವಲ್ಲಿ, ಕೆಂಪು, ಹಸಿರು, ನೀಲಿ ಮೂರೂ ದೀಪಗಳನ್ನಿಟ್ಟುಕೊಂಡು ಯಾವುದು ಹೆಚ್ಚು ವ್ಯತ್ಯಾಸ ಕೊಡುವುದೋ ಅದನ್ನು ತಾನೇ ಆರಿಸಿಕೊಳ್ಳುವ ಸಂವೇದಕ ಬೇಕಾಗುತ್ತದೆ. ಬಣ್ಣದ ಗಾಜಿನ ಕಾಗದವನ್ನು ಕಣ್ಣಿಗೆ ಹಿಡಿದು ಕೆಂಪು ಶಾಯಿಯ ಬರಹವನ್ನು ನೋಡಿದರೆ ವಿದ್ಯಾರ್ಥಿಗಳೂ ಈ ಸಂಗತಿಯನ್ನು ಮನೆಯಲ್ಲಿಯೇ ಕಾಣಬಹುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಉಪಾಧ್ಯಾಯರು ಹಾಕಿದ ಕೆಂಪು ಗೆರೆಗಳು ಕೆಂಪು ಕಾಗದದ ಹಿಂದೆ ಮಾಯವಾಗುವುದು ಒಂದು ಸಮಾಧಾನವೇ ಸರಿ!

ಎರಡನೆಯ ಅಂಶ ವೇಗ. ಪಟ್ಟಿಯ ಅಗಲ 5 ಮಿಲಿಮೀಟರ್, ಹಾಳೆಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಪಟ್ಟಿಯು ಸಂವೇದಕದ ಮುಂದೆ ಇರುವುದು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ಉತ್ತರ ಕೊಡಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಸಂವೇದಕಕ್ಕೆ ಪಟ್ಟಿ ಬಂದು ಹೋದದ್ದೇ ತಿಳಿಯದು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಉತ್ತರಿಸುವುದಾದರೆ ಅಷ್ಟರಲ್ಲಿ ಹಾಳೆ ಸರಿಯುವುದು ಅರ್ಧ ಮಿಲಿಮೀಟರ್, ಅದನ್ನು ಸಹಿಸಬಹುದು. ಮೂರನೆಯದು ನೀರು. ಡೇರಿಯ ಯಂತ್ರಗಳನ್ನು ದಿನವೂ ತೊಳೆಯಬೇಕು. ಸಂವೇದಕಗಳ ಮೈಮೇಲೆ 67 ಎಂಬಂತಹ ಎರಡು ಅಂಕಿಗಳನ್ನು ಬರೆದಿರುತ್ತಾರೆ. ಇದನ್ನು ಅರವತ್ತೇಳು ಎಂದು ಓದಬಾರದು. ಆರು ಮತ್ತು ಏಳು ಎಂದು ಬಿಡಿಯಾಗಿ ಓದಬೇಕು. ಆರು ಎಂದರೆ ಧೂಳು ಒಳಗೆ ಸ್ವಲ್ಪವೂ ನುಗ್ಗದು. ಏಳು ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡದು. ಬಿಸಿನೀರನ್ನು ಒತ್ತಡದಲ್ಲಿ ಹೊಡೆಯುವ ಕಡೆ ಅದೂ ಸಾಲದೆ ಇನ್ನೂ ಗಟ್ಟಿಯಾದುದನ್ನು ತರಬೇಕಾಗುತ್ತದೆ.

ಧೂಳಿನ ವಿಚಾರ ಬಂದುದರಿಂದ ಇನ್ನೊಂದು ಮಾತು. ತಯಾರಕರ ಪುಸ್ತಿಕೆಯಲ್ಲಿ ‘ಹತ್ತು ಮೀಟರ್ ದೂರದವರೆಗೆ ಕಾಣುತ್ತದೆ’ ಎಂದು ಅಚ್ಚಾಗಿದ್ದರೆ, ಅದು ಶುಭ್ರವಾದ ಗಾಳಿಯಲ್ಲಿ, ಒರೆಸಿದ ಮಸೂರದಲ್ಲಿ ಸಿಗುವ ಹತ್ತು ಮೀಟರ್. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯ ನವಿರಾದ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಪಾಕದ ಕಡಾಯಿಗಳ ಬಳಿ ಹಬೆ ತುಂಬಿರುತ್ತದೆ. ಮಂಡ್ಯದ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪನೆಯಾದಂದಿನಿಂದ ಈ ಊರಿನವರಿಗೆ ಆ ಪುಡಿಯ ಪರಿಚಯ ಚೆನ್ನಾಗಿಯೇ ಇದೆ. ಅಂತಹ ಕಡೆ ಎರಡು ಮೀಟರಿನ ಕೆಲಸಕ್ಕೆ ಎರಡು ಮೀಟರಿನ ಸಂವೇದಕವನ್ನು ಕೊಳ್ಳುವವನು ಹಣ ಉಳಿಸಿದವನಲ್ಲ. ಮಸೂರದ ಮೇಲೆ ಪುಡಿ ಕುಳಿತು ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಷ್ಟವಾದರೂ ಉಳಿದ ಒಂದು ಪಾಲಿನಲ್ಲಿ ಕೆಲಸ ನಡೆಯುವಷ್ಟು ಶಕ್ತಿ ಮೀಸಲಿರಬೇಕು. ಎದುರುಬದುರಿನ ಬಗೆಯನ್ನು ಅಲ್ಲಿ ಆರಿಸುವುದು ಈ ಕಾರಣದಿಂದ. ಇಷ್ಟಾದರೂ ವಾರಕ್ಕೊಮ್ಮೆ ಒಬ್ಬರು ಬಟ್ಟೆ ಹಿಡಿದು ಒರೆಸಲೇಬೇಕು.

ಬೆಳಕಿನ ಕಣ್ಣು ಎಲ್ಲ ಕಡೆಗೂ ಹೊಂದುವುದೆಂದು ಭಾವಿಸುವುದು ತಪ್ಪು. ಜಲವಿದ್ಯುತ್ ಕೇಂದ್ರದ ತಿರುಗುವ ದಂಡದ ಉದಾಹರಣೆಯನ್ನು ನೋಡಿರಿ. ಆವರ್ತ ಸ್ಥಿರವಾಗಿರಬೇಕಾದರೆ ದಂಡದ ವೇಗ ಸ್ಥಿರವಾಗಿರಬೇಕು. ವೇಗವನ್ನು ಎಡೆಬಿಡದೆ ಅಳೆಯುತ್ತಿರಬೇಕು. ದಂಡಕ್ಕೆ ಒಂದು ತಟ್ಟೆಯನ್ನು ತೊಡಿಸಿ ಅದರ ಅಂಚಿನಲ್ಲಿ 60 ಗುರುತುಗಳನ್ನು ಮಾಡಿದರೆ, ಒಂದು ಸೆಕೆಂಡಿನಲ್ಲಿ ಎಣಿಸಿದ ಗುರುತುಗಳ ಸಂಖ್ಯೆಯೇ ಒಂದು ನಿಮಿಷದ ಸುತ್ತುಗಳ ಸಂಖ್ಯೆಯಾಗುತ್ತದೆ. ಏಕೆಂದು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬೇಕು. ಈ ಎಣಿಕೆಗೆ ಬೆಳಕಿನ ಸಂವೇದಕ ಸುಲಭವೆಂದು ತೋರುತ್ತದೆ. ಎಂಜಿನಿಯರುಗಳು ದಂಡಕ್ಕೆ ಹೊಳೆಯುವ ಪಟ್ಟಿ ಅಂಟಿಸಿ ಕೈಯಲ್ಲಿ ಹಿಡಿಯುವ ಬೆಳಕಿನ ವೇಗಮಾಪಕದಿಂದ ಪರೀಕ್ಷಿಸುವುದೂ ಉಂಟು. ಆದರೆ ಬೇರಿಂಗುಗಳ ಬಳಿ ಎಣ್ಣೆಯ ಆವಿ ಹಾರಿ ಮಸೂರವನ್ನು ಮಸುಕು ಮಾಡುತ್ತದೆ. ಹಗಲಿರುಳೂ ಅಲ್ಲಿಯೇ ಇದ್ದು ಕಾಯಬೇಕಾದ ಕೆಲಸಕ್ಕೆ ಹಲ್ಲುಗಳುಳ್ಳ ಉಕ್ಕಿನ ಚಕ್ರವೂ, ಹಲ್ಲು ಹತ್ತಿರ ಬಂದಾಗ ಸ್ಪಂದಿಸುವ ಕಾಂತೀಯ ಸಂವೇದಕವೂ ಮೇಲು. ಅದಕ್ಕೆ ಎಣ್ಣೆಯ ಚಿಂತೆಯಿಲ್ಲ.

ಇನ್ನು ಅಕ್ಕಿಯ ಗಿರಣಿಗಳಿಗೆ ಬರೋಣ. ಮಂಡ್ಯ, ಮದ್ದೂರು, ಮಳವಳ್ಳಿ ಇವು ಕಾಲುವೆಯ ನೀರಿನ ಭತ್ತದ ಸೀಮೆಗಳು. ಅಕ್ಕಿಯಲ್ಲಿ ಕಪ್ಪು ಕಾಳು, ಹಳದಿ ಕಾಳು, ಕಲ್ಲು ಇವನ್ನು ಬೇರ್ಪಡಿಸುವ ಕೆಲಸವನ್ನು ತಲೆತಲಾಂತರದಿಂದ ಮೊರ ಹಿಡಿದ ಹೆಂಗಸರು ಮಾಡುತ್ತಿದ್ದರು. ಈಗ ಅನೇಕ ಗಿರಣಿಗಳಲ್ಲಿ ಬಣ್ಣ ವಿಂಗಡಿಸುವ ಯಂತ್ರಗಳಿವೆ. ಅಕ್ಕಿಯು ಇಳಿಜಾರಿನ ಸಣ್ಣ ಕಾಲುವೆಗಳಲ್ಲಿ ಜಾರಿ, ತುದಿಯಿಂದ ತೆಳ್ಳನೆಯ ಪರದೆಯಂತೆ ಬೀಳುತ್ತದೆ. ಬೀಳುವಾಗ ಎರಡು ಕಡೆಯಿಂದಲೂ ದೀಪಗಳು ಬೆಳಗುತ್ತವೆ, ಸಾಲಾದ ಸೂಕ್ಷ್ಮ ದ್ಯುತಿಕೋಶಗಳು ನೋಡುತ್ತವೆ. ಕೆಟ್ಟ ಕಾಳು ಕಂಡೊಡನೆ ಸ್ವಲ್ಪ ಕೆಳಗಿರುವ ಕೊಳವೆಯಿಂದ ಗಾಳಿಯ ಚಿಟಿಕೆ ಹಾರಿ ಅದೊಂದನ್ನೇ ಪಕ್ಕಕ್ಕೆ ತಳ್ಳುತ್ತದೆ. ಕಾಳಿನ ಉದ್ದ 6 ಮಿಲಿಮೀಟರ್, ಬೀಳುವ ವೇಗ ಸೆಕೆಂಡಿಗೆ 3 ಮೀಟರ್ ಎಂದರೆ, ಅದು ಕಣ್ಣಿನ ಮುಂದೆ ಇರುವುದು ಸೆಕೆಂಡಿನ ಐನೂರನೆಯ ಒಂದು ಪಾಲು!

ಈ ಯಂತ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಜಾಣ್ಮೆ ಬೇರೆಯದೇ. ಬೀಳುವ ಕಾಳಿನ ಹಿಂದೆ ಒಂದು ಹಿನ್ನೆಲೆಯ ಹಲಗೆಯಿರುತ್ತದೆ. ಅದರ ಹೊಳಪನ್ನು ಒಳ್ಳೆಯ ಅಕ್ಕಿಯ ಹೊಳಪಿಗೆ ಸರಿಯಾಗಿ ಹೊಂದಿಸುತ್ತಾರೆ. ಆಗ ಒಳ್ಳೆಯ ಕಾಳು ಬಂದರೂ ಬರದಿದ್ದರೂ ದ್ಯುತಿಕೋಶಕ್ಕೆ ಒಂದೇ. ಅದು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಕೆಟ್ಟದ್ದು ಮಾತ್ರ ಎದ್ದು ಕಾಣುತ್ತದೆ. ಕಾಳಿನ ಗಾತ್ರ ಹೆಚ್ಚು ಕಡಿಮೆಯಾದರೂ, ನಡುವೆ ತೆರಪು ಬಂದರೂ ಯಂತ್ರ ಗಲಿಬಿಲಿಗೊಳ್ಳದು. ಕಣ್ಣನ್ನು ಆರಿಸುವುದೆಂದರೆ ಕಣ್ಣನ್ನಷ್ಟೇ ಅಲ್ಲ, ಅದು ಏನನ್ನು ಹಿಂದಿಟ್ಟುಕೊಂಡು ನೋಡಬೇಕು ಎಂಬುದನ್ನೂ ಆರಿಸುವುದು.

ಆದರೆ ಮೊರ ಹಿಡಿದ ಆ ಹೆಂಗಸರ ಮಾತನ್ನು ಇಲ್ಲಿಗೆ ಬಿಡಲಾಗದು. ಚಿಕ್ಕಮಗಳೂರು, ಹಾಸನಗಳ ಕಾಫಿ ಸಂಸ್ಕರಣ ಕೇಂದ್ರಗಳಲ್ಲಿಯೂ ಸಾಲಾಗಿ ಕುಳಿತು ಬೀಜಗಳನ್ನು ಆರಿಸುತ್ತಿದ್ದವರು ಹೆಂಗಸರೇ. ಅಲ್ಲಿಗೂ ಬಣ್ಣ ವಿಂಗಡಿಸುವ ಯಂತ್ರಗಳು ಬಂದಿವೆ. ಯಂತ್ರದ ಕಣ್ಣು ದಣಿಯದು, ರಾತ್ರಿಯ ಪಾಳಿಯಲ್ಲಿ ತೂಕಡಿಸದು ಎಂಬುದು ನಿಜ. ಅದು ತಂದ ಉಳಿತಾಯದಲ್ಲಿ ಆ ಕೈಗಳಿಗೆ ಪಾಲೆಷ್ಟು ಎಂಬ ಪ್ರಶ್ನೆಯೂ ಅಷ್ಟೇ ನಿಜ. ಬೀಜವನ್ನು ಬೆರಳಲ್ಲಿ ಹಿಡಿದೊಡನೆ ಅದರ ಗುಣವನ್ನು ಹೇಳಬಲ್ಲ ಅನುಭವಿಗಳನ್ನು, ಯಂತ್ರಕ್ಕೆ ‘ಇದು ಒಳ್ಳೆಯದು, ಇದು ಕೆಟ್ಟದ್ದು’ ಎಂದು ಗೊತ್ತುಮಾಡಿಕೊಡುವ ಕೆಲಸಕ್ಕೆ ನೇಮಿಸಿಕೊಳ್ಳುವುದು ಬುದ್ಧಿವಂತಿಕೆ ಎಂದು ನನ್ನ ಎಣಿಕೆ. ಯಂತ್ರವು ಹೊಳಪನ್ನು ಅಳೆಯುತ್ತದೆಯೇ ಹೊರತು ಯಾವ ಹೊಳಪು ಬೇಕು ಎಂಬುದನ್ನು ತಾನಾಗಿ ಅರಿಯದು.

ಇದುವರೆಗೆ ಹೇಳಿದ ಕೆಲಸಗಳಲ್ಲಿ ಸಂವೇದಕ ತಪ್ಪಿದರೆ ಒಂದು ಪೊಟ್ಟಣ ಹಾಳಾದೀತು, ಒಂದು ಕರಿಯ ಕಾಳು ಅನ್ನದಲ್ಲಿ ಸಿಕ್ಕೀತು. ಆದರೆ ಕೆಲವು ಕಡೆ ಕಣ್ಣು ತಪ್ಪಿದರೆ ಬೆರಳು ಹೋಗುತ್ತದೆ. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ಸಿನ ಮುಂದೆ ಕುಳಿತವನು ಒಂದು ಕೈಯಿಂದ ತಗಡನ್ನು ಇಡುತ್ತಾನೆ. ಮೇಲಿನಿಂದ ಅಚ್ಚು ಬೀಳುತ್ತದೆ. ದಿನಕ್ಕೆ ಸಾವಿರಾರು ಸಲ ಇದು ನಡೆಯುವಾಗ ಒಂದು ಸಲ ಕೈ ತಡವಾಗುವುದು ಅಚ್ಚರಿಯಲ್ಲ. ಅಪಾಯಕಾರಿಯಾದ ಯಂತ್ರಭಾಗಗಳಿಗೆ ಭದ್ರವಾದ ಬೇಲಿಯಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಬೇಲಿಯಿದ್ದರೆ ತಗಡನ್ನು ಇಡುವುದು ಹೇಗೆ? ಇದಕ್ಕಾಗಿ ಬಂದುದೇ ಬೆಳಕಿನ ಪರದೆ. ಪ್ರೆಸ್ಸಿನ ಎರಡು ಬದಿಗಳಲ್ಲಿ ಎರಡು ಕಂಬಗಳು. ಒಂದರಿಂದ ಇನ್ನೊಂದಕ್ಕೆ ಒಂದರ ಕೆಳಗೊಂದು ಹತ್ತಾರು ಅವಕೆಂಪು ಕಿರಣಗಳು. ಕಣ್ಣಿಗೆ ಕಾಣದ ಈ ಪರದೆಯಲ್ಲಿ ಬೆರಳು ತೂರಿದರೆ ಕಿರಣ ಕಡಿದು ಅಚ್ಚು ನಿಲ್ಲುತ್ತದೆ.

ಇಲ್ಲಿ ಆಯ್ಕೆಯ ನಿಯಮವೊಂದಿದೆ. ಅದು ಚಿಕ್ಕದಾದರೂ ಬಹಳ ಆಳವಾದುದು. ಬೆಳಕು ಬಂದರೆ ಕ್ಷೇಮ, ಬೆಳಕು ಕಡಿದರೆ ಅಪಾಯ ಎಂದು ಗೊತ್ತುಮಾಡಬೇಕು. ಅದಕ್ಕೆ ವಿರುದ್ಧವಾಗಿ ಮಾಡಬಾರದು. ಟಾರ್ಚಿನಂತೆ ನೋಡುವ ಮೂರನೆಯ ಬಗೆಯ ಸಂವೇದಕವನ್ನಿಟ್ಟು, ಕೈಯಿಂದ ಬೆಳಕು ಹಿಂದಿರುಗಿದಾಗ ಯಂತ್ರ ನಿಲ್ಲಲಿ ಎಂದು ಯೋಜಿಸಿದವನು ಹೊರನೋಟಕ್ಕೆ ಅದೇ ಕೆಲಸವನ್ನು ಮಾಡಿದ್ದಾನೆ. ಆದರೆ ದೀಪ ಕೆಟ್ಟುಹೋಯಿತು ಎನ್ನೋಣ. ಅಥವಾ ತಂತಿ ತುಂಡಾಯಿತು, ಮಸೂರದ ಮೇಲೆ ಗ್ರೀಸು ಮೆತ್ತಿತು. ಆಗ ಬೆಳಕು ಎಂದೆಂದಿಗೂ ಹಿಂದಿರುಗುವುದಿಲ್ಲ. ಯಂತ್ರವು ‘ಕೈ ಇಲ್ಲ’ ಎಂದೇ ತಿಳಿದು ಅಚ್ಚನ್ನು ಬೀಳಿಸುತ್ತಿರುತ್ತದೆ. ಎದುರುಬದುರಿನ ಪರದೆಯಲ್ಲಿ ಅದೇ ದೀಪ ಕೆಟ್ಟರೆ ಬೆಳಕು ಕಡಿದಂತಾಗಿ ಯಂತ್ರವೇ ನಿಲ್ಲುತ್ತದೆ. ಕೆಲಸ ಕೆಟ್ಟೀತು, ಕೈ ಉಳಿದೀತು. ಸಾಮಾನ್ಯ ಸಂವೇದಕಗಳನ್ನು ಸಾಲಾಗಿ ಜೋಡಿಸಿ ಪರದೆಯೆಂದು ಕರೆಯುವುದೂ ಸಲ್ಲದು. ಈ ಕೆಲಸಕ್ಕೆಂದೇ ಮಾಡಿದ ಪರದೆಗಳು ತಮ್ಮೊಳಗಿನ ದೋಷವನ್ನು ತಾವೇ ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುತ್ತವೆ. ಬೆಲೆ ಹೆಚ್ಚಾಗಿರುವುದು ಅದಕ್ಕೇ.

ಪರದೆಯನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಕಿರಣ ಕಡಿದ ಕ್ಷಣದಲ್ಲಿಯೇ ಅಚ್ಚು ನಿಲ್ಲುವುದಿಲ್ಲ. ಸಂವೇದಕ ಉತ್ತರಿಸಬೇಕು, ಬ್ರೇಕು ಹಿಡಿಯಬೇಕು, ಭಾರವಾದ ಚಕ್ರ ನಿಲ್ಲಬೇಕು. ಇದಕ್ಕೆಲ್ಲ ಸೆಕೆಂಡಿನ ಐದನೆಯ ಒಂದು ಪಾಲು ಬೇಕೆಂದುಕೊಳ್ಳೋಣ. ಮುನ್ನುಗ್ಗುವ ಕೈಯ ವೇಗವನ್ನು ಇಂತಹ ಲೆಕ್ಕದಲ್ಲಿ ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುವುದು ಅಂತಾರಾಷ್ಟ್ರೀಯ ಪದ್ಧತಿ. ಅಷ್ಟರಲ್ಲಿ ಕೈ 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ಬೆರಳಿನ ಗಾತ್ರವನ್ನೂ ಕಾಣಬಲ್ಲ ಒತ್ತಾದ ಕಿರಣಗಳ ಪರದೆಯಾದರೂ ಅಚ್ಚಿನಿಂದ ಕನಿಷ್ಠ 40 ಸೆಂಟಿಮೀಟರ್ ದೂರವಿರಬೇಕು. ಕಿರಣಗಳು ವಿರಳವಾದಷ್ಟೂ ದೂರವನ್ನು ಇನ್ನೂ ಹೆಚ್ಚಿಸಬೇಕು. ಜಾಗ ಸಾಲದೆಂದು ಪರದೆಯನ್ನು ಹತ್ತಿರಕ್ಕೆ ಸರಿಸಿದರೆ ಅದು ಅಪಘಾತವನ್ನು ತಡೆಯದು, ಕಣ್ಣಾರೆ ನೋಡುತ್ತಿರುತ್ತದೆ ಅಷ್ಟೆ.

ಹಾಗಾದರೆ ನಮ್ಮ ಊರುಗಳ ಆಲೆಮನೆಯ ಗಾಣಕ್ಕೂ ಇಂತಹ ಪರದೆಯನ್ನು ಕಟ್ಟಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮಂಡ್ಯದ ಸೀಮೆಯಲ್ಲಿ ಕಬ್ಬಿನ ಗಾಣದ ಉರುಳೆಗಳ ನಡುವೆ ಕೈ ಸಿಕ್ಕಿಕೊಳ್ಳುವ ಭಯ ಎಲ್ಲರಿಗೂ ತಿಳಿದದ್ದು. ಆದರೆ ಪ್ರೆಸ್ಸಿನ ಪರದೆಯಲ್ಲಿ ತೂರುವುದು ಕೈ ಮಾತ್ರ. ಅಚ್ಚು ಬೀಳುವ ಹೊತ್ತಿನಲ್ಲಿ ಅಲ್ಲಿ ಬೇರೇನೂ ಇರುವುದಿಲ್ಲ. ಗಾಣದಲ್ಲಾದರೋ ಕಬ್ಬಿನ ಜಲ್ಲೆಗಳು ಎಡೆಬಿಡದೆ ಪರದೆಯನ್ನು ಹಾದುಹೋಗುತ್ತಿರಬೇಕು. ಜಲ್ಲೆಯೂ ಕಿರಣವನ್ನು ಕಡಿಯುತ್ತದೆ, ತೋಳೂ ಕಡಿಯುತ್ತದೆ. ಎರಡಕ್ಕೂ ವ್ಯತ್ಯಾಸ ಹೇಳಲು ಆ ಸರಳವಾದ ಕಣ್ಣಿಗೆ ಬಾರದು. ಬೆಂಕಿಯ ಹೊಗೆ, ಒಣಸಿಪ್ಪೆಯ ಪುಡಿ, ಅಂಟು ರಸ ಬೇರೆ. ಅರ್ಧ ಗಂಟೆಗೊಮ್ಮೆ ಸುಳ್ಳುಸುಳ್ಳಾಗಿ ನಿಲ್ಲುವ ಗಾಣದ ಸಂವೇದಕವನ್ನು ಮೂರನೆಯ ದಿನಕ್ಕೆ ಯಾರಾದರೂ ಕಿತ್ತುಹಾಕುತ್ತಾರೆ.

ಅಲ್ಲಿಗೆ ಬೇಕಾದದ್ದು ಬೆಳಕಲ್ಲ, ತಗಡು. ಉರುಳೆಗಳ ಮುಂದೆ, ತೋಳಿನ ಉದ್ದಕ್ಕಿಂತಲೂ ಉದ್ದವಾದ, ಮೇಲೆ ಮುಚ್ಚಳವುಳ್ಳ ಒಂದು ಕಬ್ಬಿಣದ ದೋಣಿಯನ್ನು ಭದ್ರವಾಗಿ ಬೋಲ್ಟು ಮಾಡಬೇಕು. ಕಬ್ಬನ್ನು ಅದರ ಹೊರತುದಿಯಲ್ಲಿ ಇಟ್ಟು ಹಿಂದಿನ ಜಲ್ಲೆಯಿಂದ ಮುಂದಿನದನ್ನು ತಳ್ಳಬೇಕು. ಎಷ್ಟೇ ಬಗ್ಗಿ ಚಾಚಿದರೂ ಬೆರಳು ಉರುಳೆಯನ್ನು ಮುಟ್ಟಬಾರದು. ಇದರ ಜೊತೆಗೆ ಕಬ್ಬು ಇಡುವವನ ಮೊಣಕೈಗೆ ಎಟುಕುವಂತೆ ಒಂದು ಕೆಂಪು ಗುಂಡಿ ಇರಲಿ. ಒತ್ತಿದೊಡನೆ ಮೋಟಾರಿನ ವಿದ್ಯುತ್ತು ಕಡಿಯಬೇಕು. ದೋಣಿಯನ್ನು ಊರಿನ ಕಮ್ಮಾರನೇ ಮಾಡಿಕೊಡಬಲ್ಲನು. ಅಳತೆ ತೆಗೆದುಕೊಳ್ಳುವಾಗ ಗಾಣದ ಬಳಿ ಕೆಲಸ ಮಾಡುವವರಲ್ಲಿ ಅತಿ ಉದ್ದನೆಯ ತೋಳು ಯಾರದೋ ಅವರನ್ನು ಕರೆದು ನಿಲ್ಲಿಸಬೇಕು.